ಬಾಗಿಲ ಮೇಲಿನ ಲೋಳೆಸರ

ನಾಂಪಲ್ಲಿ ರೈಲು ನಿಲ್ದಾಣದಿಂದ ಹೊರಗೆ ಬಂದು ಅಂಗಡಿಗಳ ಸಾಲಿನ ಮುಂದೆ ನಡೆಯುವಾಗ ಒಮ್ಮೆ ತಲೆಯೆತ್ತಿ ನೋಡಿ. ಕೆಲವು ಬಾಗಿಲುಗಳ ಮೇಲೆ ಬೂದುಗುಂಬಳದ ಜೊತೆಗೆ ಒಂದು ಲೋಳೆಸರದ ಗಿಡ ಬೇರು ಮೇಲಾಗಿ, ಎಲೆ ಕೆಳಗಾಗಿ ನೇತಾಡುತ್ತಿರುತ್ತದೆ. ತೆಲುಗಿನವರು ಅದನ್ನು ಕಲಬಂದ ಎನ್ನುತ್ತಾರೆ. ಕೆಟ್ಟ ದೃಷ್ಟಿ ತಾಗದಿರಲಿ ಎಂದು ಕಟ್ಟಿದ್ದು. ಮಣ್ಣಿಲ್ಲ, ಕುಂಡವಿಲ್ಲ, ನೀರು ಹಾಕುವವರಿಲ್ಲ. ಆದರೂ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ. ಎಲೆಗಳ ತುದಿ ಮೆಲ್ಲಗೆ ಮೇಲಕ್ಕೆ ಬಾಗಿರುವುದನ್ನೂ ಕಂಡಿದ್ದೇನೆ.

ನಮ್ಮ ಮನೆಯ ಬಾಗಿಲಿಗೂ ಇಂಥದ್ದೊಂದು ಗಿಡವನ್ನು ಅತ್ತೆಯವರು ಕಟ್ಟಿಸಿದ್ದರು. ಒಂದು ಬೇಸಿಗೆಯಲ್ಲಿ ಬಾಲ್ಕನಿಯಲ್ಲಿ ನಾನು ಮುತುವರ್ಜಿಯಿಂದ ಸಾಕಿದ ಗಿಡಗಳು ಒಂದೊಂದಾಗಿ ಸತ್ತವು. ಬಾಗಿಲ ಮೇಲೆ ಯಾರೂ ಕೇಳದೆ ಬಿಟ್ಟಿದ್ದ ಲೋಳೆಸರ ಬದುಕಿತು. ಯಾಕೆ ಹೀಗೆ ಎಂದು ಹುಡುಕಲು ಹೊರಟಾಗ ಸಿಕ್ಕ ಇತಿಹಾಸವನ್ನು ನಮ್ಮ ವೇದಿಕೆಯ ಗೆಳತಿಯರೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಹೈದರಾಬಾದಿನಲ್ಲಿ ತೋಟ ಎಂದರೆ ಮೊದಲು ನೆನಪಾಗುವುದು ‘ಬಾಗ್’. ಬಶೀರ್‌ಬಾಗ್, ಜಾಮ್‌ಬಾಗ್, ಸೀತಾರಾಮ್‌ಬಾಗ್, ಬಾಗ್ ಲಿಂಗಂಪಲ್ಲಿ ಎಂದು ಊರಿನ ತುಂಬ ಬಾಗ್‌ಗಳದೇ ಹೆಸರು. ಹಲವು ಕಡೆ ತೋಟ ಹೋಗಿ ಹೆಸರು ಮಾತ್ರ ಉಳಿದಿದೆ. ನಾಂಪಲ್ಲಿಯಲ್ಲಿ ಮಾತ್ರ ಹೆಸರಿನ ಜೊತೆಗೆ ತೋಟವೂ ಉಳಿದಿದೆ. ಅದೇ ಬಾಗ್-ಎ-ಆಮ್, ಇಂದಿನ ಪಬ್ಲಿಕ್ ಗಾರ್ಡನ್ಸ್. 1846ರಲ್ಲಿ ನಿಜಾಮರ ಕಾಲದಲ್ಲಿ ಆದ ಉದ್ಯಾನ. ಜುಬಿಲಿ ಹಾಲ್, ವಿಧಾನಸಭೆಯ ಬಿಳಿ ಕಟ್ಟಡ, ವಸ್ತು ಸಂಗ್ರಹಾಲಯ ಎಲ್ಲ ಇದರ ಸುತ್ತಲೇ ಇವೆ. ನಾವು ಪ್ರತಿ ವರ್ಷ ಹೋಗುವ ನುಮಾಯಿಷ್ 1938ರಲ್ಲಿ ಶುರುವಾದದ್ದೂ ಈ ತೋಟದಲ್ಲೇ. ಈಗಿನ ಮೈದಾನಕ್ಕೆ ಹೋದದ್ದು 1946ರಲ್ಲಿ. ತೆಲಂಗಾಣದ ತೋಟಗಾರಿಕೆ ಇಲಾಖೆಯ ಕಚೇರಿಯೂ ಇದರೊಳಗೇ ಇದೆ.

ಬಾಗ್ ಎಂದರೆ ನೀರಿನ ತೋಟ. ಹುಲ್ಲುಹಾಸು, ಕಾರಂಜಿ, ಹೂವಿನ ಮಡಿ ಎಲ್ಲಕ್ಕೂ ನೀರು ಬೇಕು. ದಖ್ಖನ್ನಿನಂಥ ಒಣ ನೆಲದಲ್ಲಿ ಆ ನೀರನ್ನು ತರಿಸಲು ಅರಸರಿಗೆ ಮಾತ್ರ ಸಾಧ್ಯವಿತ್ತು. ನಮ್ಮ ಬೀದರಿನಲ್ಲಿ ಬಹಮನಿ ಸುಲ್ತಾನರು ನೆಲದೊಳಗೆ ಸುರಂಗ ತೋಡಿಸಿ, ಕರೇಜ್ ಎಂಬ ಪರ್ಷಿಯಾದ ಪದ್ಧತಿಯಲ್ಲಿ ನೀರು ಹರಿಸಿದರು. ಹೈದರಾಬಾದಿಗೆ ನೀರು ಬಂದ ಕಥೆಯಲ್ಲಿ ಒಬ್ಬ ಕನ್ನಡಿಗರಿದ್ದಾರೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರಿನ ದೊಡ್ಡ ಭಾಗವನ್ನು ಕೊಚ್ಚಿಹಾಕಿದ ಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಇಲ್ಲಿಗೆ ಕರೆಸಿದರು. ಅವರ ಸಲಹೆಯಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಆದವು. ಪ್ರವಾಹ ತಡೆಯಲು ಕಟ್ಟಿದ ಆ ಕೆರೆಗಳೇ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು.

ಆದರೆ ನಾನು ಚಿಕ್ಕಂದಿನಲ್ಲಿ ಕಂಡ ತೋಟಕ್ಕೂ ಬಾಗ್‌ಗೂ ಸಂಬಂಧವೇ ಇರಲಿಲ್ಲ. ನಮ್ಮ ತವರು ರಾಯಚೂರು ಜಿಲ್ಲೆಯ ಒಂದು ಹಳ್ಳಿ. 1956ರವರೆಗೆ ಅದೂ ಹೈದರಾಬಾದ್ ರಾಜ್ಯದ್ದೇ. ಅಜ್ಜಿಯ ಮನೆಯ ಅಂಗಳದಲ್ಲಿ ತುಳಸಿಕಟ್ಟೆ, ಬಚ್ಚಲ ನೀರು ಹರಿಯುವಲ್ಲಿ ದೊಡ್ಡಪತ್ರೆ, ಗೋಡೆಗೆ ಹಬ್ಬಿದ ಮಂಗರಬಳ್ಳಿ, ಒಡೆದ ಗಡಿಗೆಯಲ್ಲಿ ಲೋಳೆಸರ, ಹಿತ್ತಲ ಬೇಲಿಗೆ ಕಳ್ಳಿ. ಇದನ್ನು ಯಾರೂ ತೋಟ ಎಂದು ಕರೆಯುತ್ತಿರಲಿಲ್ಲ. ಸುಟ್ಟ ಗಾಯಕ್ಕೆ ಲೋಳೆ, ಕೆಮ್ಮಿಗೆ ದೊಡ್ಡಪತ್ರೆಯ ರಸ, ಮುರಿದ ಮೂಳೆಗೆ ಮಂಗರಬಳ್ಳಿ. ಎರಡು ಹರದಾರಿ ದೂರದಿಂದ ಕೊಡದಲ್ಲಿ ನೀರು ಹೊತ್ತು ತರುವ ಹೆಂಗಸು ಅದರಲ್ಲಿ ಗಿಡಕ್ಕೆ ಪಾಲು ಕೊಡುವುದಾದರೂ ಹೇಗೆ? ಆದ್ದರಿಂದ ನೀರು ಕೇಳದ ಗಿಡಗಳೇ ಆ ಅಂಗಳದಲ್ಲಿ ಉಳಿದವು. ಪಾತ್ರೆ ತೊಳೆದ ನೀರು ಅವಕ್ಕೆ ಸಾಕಾಗುತ್ತಿತ್ತು.

ಇವತ್ತು ನರ್ಸರಿಗಳಲ್ಲಿ ‘ಸಕ್ಯುಲೆಂಟ್’ ಎಂಬ ಫಲಕದಡಿ ಮಾರುವುದು ಈ ಗುಂಪಿನ ಗಿಡಗಳನ್ನೇ. ಎಲೆಯಲ್ಲೋ ಕಾಂಡದಲ್ಲೋ ನೀರು ಕೂಡಿಟ್ಟುಕೊಳ್ಳುವ ಗಿಡಗಳು. ಹೆಸರು ಹೊಸದು, ಗೆಳೆತನ ಹಳೆಯದು.

ಹಾಗೆಂದು ಇವೆಲ್ಲ ನಮ್ಮ ನೆಲದವೇ ಎಂದುಕೊಂಡರೆ ತಪ್ಪು. ದೊಡ್ಡಪತ್ರೆ ಆಫ್ರಿಕಾದ್ದು, ಲೋಳೆಸರ ಅರಬ್ ನಾಡಿನ ಕಡೆಯದು. ಎಲೆಯ ಅಂಚಿನಲ್ಲೇ ಮರಿ ಹಾಕುವ ಕಾಡುಬಸಳೆಯ ಮೂಲ ಮಡಗಾಸ್ಕರ್. ಅದನ್ನು 1799ರಲ್ಲಿ ಕಲ್ಕತ್ತೆಯ ತೋಟಕ್ಕೆ ತರಿಸಿದವರು ಲೇಡಿ ಕ್ಲೈವ್ ಎಂದು ಸಸ್ಯಶಾಸ್ತ್ರದ ಹಳೆಯ ಬರಹಗಳು ಹೇಳುತ್ತವೆ. ರೈಲು ಹಳಿಗಳ ಪಕ್ಕ ಬೇಲಿಯಾಗಿ ನಿಂತು, ನಾರು ಹುರಿದು ಹಗ್ಗವಾಗುವ ಕತ್ತಾಳೆ ಅಮೆರಿಕ ಖಂಡದಿಂದ ಬಂದದ್ದು.

ಪಾಪಾಸುಕಳ್ಳಿಯ ಕಥೆ ಇನ್ನೂ ಸ್ವಾರಸ್ಯದ್ದು. ಇದೂ ಅಮೆರಿಕದ್ದೇ. ನಮ್ಮ ಹಳೆಯ ಕಳ್ಳಿಗಳನ್ನು ಗೀರಿದರೆ ಹಾಲು ಬರುತ್ತದೆ, ಇದರಲ್ಲಿ ಹಾಲಿಲ್ಲ. ಹೆಸರಿನಲ್ಲಿರುವ ‘ಪಾಪಾಸು’ ಎಂದರೆ ಚಪ್ಪಲಿ. ಪಾರಸಿಯ ‘ಪಾಪೋಶ್’ ಎಂಬ ಮಾತು ದಖ್ಖನ್ನಿನ ಮೂಲಕ ಕನ್ನಡಕ್ಕೆ ಬಂದು ಪಾಪಾಸು ಆಯಿತು. ಈ ಕಳ್ಳಿಯ ಒಂದೊಂದು ದಳವೂ ಚಪ್ಪಲಿಯ ಅಟ್ಟೆಯಂತೆಯೇ ಅಲ್ಲವೇ? ಅಮೆರಿಕದ ಗಿಡಕ್ಕೆ ಪಾರಸಿ ಮಾತು, ಅದರ ಹಿಂದೆ ನಮ್ಮ ಕಳ್ಳಿ. ಹೈದರಾಬಾದಿನ ಕನ್ನಡಿಗರಿಗೆ ಇದಕ್ಕಿಂತ ಆಪ್ತವಾದ ಹೆಸರು ಇನ್ನೊಂದಿಲ್ಲ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ವೈದ್ಯ ಜೇಮ್ಸ್ ಆ್ಯಂಡರ್ಸನ್ ಈ ಕಳ್ಳಿಗಳ ತೋಟವನ್ನೇ ಮಾಡಿದ್ದರು. ಕಳ್ಳಿಯನ್ನು ತಿಂದು ಬದುಕುವ ಒಂದು ಪುಟ್ಟ ಹುಳದಿಂದ ಕೆಂಪು ಬಣ್ಣ ತೆಗೆಯಬಹುದು. ಅದರ ವ್ಯಾಪಾರ ಮಾಡುವುದು ಈಸ್ಟ್ ಇಂಡಿಯಾ ಕಂಪನಿಯ ಆಸೆಯಾಗಿತ್ತು. 1795ರಲ್ಲಿ ಹುಳವೂ ಬಂತು. ಆದರೆ ಅದು ಕಡಿಮೆ ದರ್ಜೆಯ ಜಾತಿ, ವ್ಯಾಪಾರ ಕೈಹತ್ತಲಿಲ್ಲ. ಮುಂದೆ ಇನ್ನೊಂದು ಜಾತಿಯ ಪಾಪಾಸುಕಳ್ಳಿ ದಕ್ಷಿಣದ ಹೊಲಗಳಿಗೆಲ್ಲ ನುಗ್ಗಿತು. ಕೊನೆಗೆ 1926ರಲ್ಲಿ ಸಿಂಹಳದಿಂದ ಅದನ್ನು ತಿನ್ನುವ ಬೇರೊಂದು ಹುಳವನ್ನು ತಂದು ಬಿಡಬೇಕಾಯಿತು. ನೀರು ಬೇಡದ ಗಿಡ ಎಂದರೆ ತಡೆಯಿಲ್ಲದೆ ಹಬ್ಬಬಲ್ಲ ಗಿಡವೂ ಹೌದು. ಕತ್ತರಿಸಿದ ತುಂಡುಗಳನ್ನು ಕೆರೆಯಂಗಳಕ್ಕೋ ಖಾಲಿ ನಿವೇಶನಕ್ಕೋ ಎಸೆಯಬಾರದು ಎಂಬುದನ್ನು ನಾನು ಕಲಿತದ್ದು ಈ ಕಥೆಯಿಂದ.

ಅಪ್ಪಟ ನಮ್ಮ ನೆಲದ ಗಿಡಗಳೂ ಇವೆ. ಮಂಗರಬಳ್ಳಿ ನಮ್ಮದು; ತೆಲುಗಿನಲ್ಲಿ ನಲ್ಲೇರು. ಕಲ್ಲುಗುಡ್ಡಗಳಲ್ಲಿ ಎಲೆಯಿಲ್ಲದೆ ಬೆರಳಿನಂತೆ ನಿಲ್ಲುವ ಕ್ಯಾರಲ್ಲುಮ ನಮ್ಮದು. ಅದರ ಶಾಸ್ತ್ರೀಯ ಹೆಸರೇ ತೆಲುಗು ಮಾತಿನಿಂದ ಹುಟ್ಟಿದ್ದು. ಗೋದಾವರಿ ಸೀಮೆಯ ಸಾಮರ್ಲಕೋಟದಲ್ಲಿ ಕಂಪನಿಯ ತೋಟ ನೋಡಿಕೊಳ್ಳುತ್ತಿದ್ದ ವಿಲಿಯಂ ರಾಕ್ಸ್‌ಬರ್ಗ್ ಅಲ್ಲಿನ ಜನ ಹೇಳಿದ ಹೆಸರನ್ನು ಬರೆದಿಟ್ಟರು, 1811ರಲ್ಲಿ ರಾಬರ್ಟ್ ಬ್ರೌನ್ ಅದನ್ನೇ ಕುಲದ ಹೆಸರಾಗಿಸಿದರು.

ಈ ಸಾಮರ್ಲಕೋಟದ ತೋಟವೇ ನನ್ನ ಪ್ರಶ್ನೆಗೆ ಉತ್ತರ ಕೊಟ್ಟಿತು. ರಾಕ್ಸ್‌ಬರ್ಗ್ 1793ರಲ್ಲಿ ಕಲ್ಕತ್ತೆಗೆ ಹೋದ ಮೇಲೆ ಅದರ ಹೊಣೆ ಬೆಂಜಮಿನ್ ಹೈನೆ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞರಿಗೆ ಬಂತು. 1799ರಲ್ಲಿ ಟಿಪ್ಪು ಸುಲ್ತಾನ ಮಡಿದು ಬೆಂಗಳೂರಿನ ಲಾಲ್‌ಬಾಗ್ ಕಂಪನಿಯ ಕೈಸೇರಿದಾಗ ಅದನ್ನು ಕೆಲಕಾಲ ನೋಡಿಕೊಂಡವರೂ ಇವರೇ. ಹೈನೆ ಕಾಡುಬಸಳೆಯ ಎಲೆಯನ್ನು ಬಾಯಿಗೆ ಹಾಕಿಕೊಂಡು ಒಂದು ವಿಚಿತ್ರ ಗಮನಿಸಿದರು. ಮುಂಜಾನೆ ಅದು ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ. ಈ ಸಂಗತಿಯನ್ನು ಅವರು ಲಂಡನ್ನಿನ ಲ್ಯಾಂಬರ್ಟ್ ಎಂಬ ಸಸ್ಯಶಾಸ್ತ್ರಜ್ಞರಿಗೆ ಪತ್ರದಲ್ಲಿ ಬರೆದರು. ಅದು 1813ರಲ್ಲಿ ಲಿನಿಯನ್ ಸೊಸೈಟಿಯ ಮುಂದೆ ಬಂತು, ಆಮೇಲೆ ಅಚ್ಚಾಯಿತು.

ಆ ಹುಳಿಯ ಗುಟ್ಟು ಇಷ್ಟು. ಎಲ್ಲ ಗಿಡಗಳೂ ಎಲೆಯ ಸಣ್ಣ ರಂಧ್ರಗಳಿಂದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತವೆ. ಹಗಲಿನಲ್ಲಿ ರಂಧ್ರ ತೆರೆದರೆ ಗಾಳಿ ಒಳಬರುವಾಗ ನೀರು ಆವಿಯಾಗಿ ಹೊರಹೋಗುತ್ತದೆ. ಕಾಡುಬಸಳೆ, ಲೋಳೆಸರ, ಕತ್ತಾಳೆಗಳು ಬಿಸಿಲಿರುವಾಗ ಬಾಗಿಲು ಹಾಕಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆಯುತ್ತವೆ. ರಾತ್ರಿ ಬಂದ ಇಂಗಾಲದ ಡೈಆಕ್ಸೈಡನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲಿನ ಬೆಳಕಿನಲ್ಲಿ ಅದರಿಂದ ಆಹಾರ ಮಾಡಿಕೊಳ್ಳುತ್ತವೆ. ಅದಕ್ಕೇ ಮುಂಜಾನೆ ಹುಳಿ, ಮಧ್ಯಾಹ್ನ ಸಪ್ಪೆ. ನೀರು ಪೂರ್ತಿ ನಿಂತರೆ ರಾತ್ರಿಯೂ ಬಾಗಿಲು ಮುಚ್ಚಿ, ತಮ್ಮ ಉಸಿರನ್ನೇ ಮತ್ತೆ ಮತ್ತೆ ಬಳಸಿಕೊಂಡು ದಿನ ದೂಡುತ್ತವೆ. ಅಂಗಡಿ ಬಾಗಿಲ ಮೇಲಿನ ಕಲಬಂದ ಮಾಡುವುದು ಇದನ್ನೇ.

ಇದನ್ನು ಓದುತ್ತಿರುವಾಗ ನನಗೆ ಅಜ್ಜಿಯ ಮಾತು ನೆನಪಾಯಿತು. ಗೋಳಿಪಲ್ಲೆ ತರಲು ಕಳಿಸುವಾಗ ಅಜ್ಜಿ ಹೇಳುತ್ತಿದ್ದಳು: “ಮುಂಜಾನಿ ಎದ್ದು ಹರಕೊಂಡು ಬಾ ಮಗಳ. ಬಿಸಲೇರಿದ ಮ್ಯಾಲೆ ಹರದ್ರ ಹುಳೀನ ಇರಂಗಿಲ್ಲ.” ತೆಲುಗಿನವರು ಗಂಗವಾಯಿಲಿ ಎಂದು ಪಪ್ಪಿಗೆ ಹಾಕುವ ಸೊಪ್ಪು ಅದೇ. ನೀರು ಕಡಿಮೆಯಾದಾಗ ಆ ಸೊಪ್ಪೂ ಇದೇ ಉಪಾಯಕ್ಕೆ ತಿರುಗುತ್ತದೆ ಎಂದು ಈಗಿನ ವಿಜ್ಞಾನ ಕಂಡುಕೊಂಡಿದೆ. ಹೈನೆ ನಾಲಿಗೆಯಿಂದ ಕಂಡದ್ದನ್ನು ಬರೆದಿಟ್ಟರು. ನಮ್ಮ ಅಜ್ಜಿ ಬೇಳೆಗೆ ಹಾಕಿದಳು. (ಕಾಡುಬಸಳೆಯ ರುಚಿ ನೋಡಲು ಮಾತ್ರ ಹೋಗಬೇಡಿ, ಅದರಲ್ಲಿ ವಿಷದ ಅಂಶವಿದೆ.)

ಈಗ ನನ್ನ ಬಾಲ್ಕನಿಗೆ ಬರುತ್ತೇನೆ. ನರ್ಸರಿಯಿಂದ ತಂದ, ಕಮಲದಂತೆ ಅರಳಿದ ಎಚಿವೇರಿಯಾಗಳನ್ನು ನಾನು ಚಂದದ ಪಿಂಗಾಣಿ ಬಟ್ಟಲುಗಳಲ್ಲಿ ನೆಟ್ಟಿದ್ದೆ. ಬಟ್ಟಲಿಗೆ ತೂತಿರಲಿಲ್ಲ. ಬಿಸಿಲು ಏರಿದಂತೆ ದಿನಾ ನೀರು ಹಾಕಿದೆ. ಅವು ಬಾಡಿದಷ್ಟೂ ಇನ್ನಷ್ಟು ಹಾಕಿದೆ. ನೀರು ಕೂಡಿಟ್ಟುಕೊಂಡಿರುವ ಗಿಡದ ಬೇರಿಗೆ ನಿಂತ ನೀರೇ ಮೃತ್ಯು ಎಂದು ಗೊತ್ತಿರಲಿಲ್ಲ. ಜೊತೆಗೆ ಎಚಿವೇರಿಯಾ ಮೆಕ್ಸಿಕೋದ ತಂಪು ಗುಡ್ಡಗಾಡಿನ ಗಿಡ. ಅದರ ಕೆಲಸಕ್ಕೆ ತಂಪಾದ ರಾತ್ರಿ ಬೇಕು. ಹೈದರಾಬಾದಿನ ಮೇ ತಿಂಗಳ ರಾತ್ರಿ ಗೋಡೆಯೇ ಸುಡುತ್ತಿರುತ್ತದೆ.

ಎರಡನೇ ಸಲ ಅಜ್ಜಿಯ ಅಂಗಳದ ಲೆಕ್ಕದಲ್ಲೇ ತೋಟ ಮಾಡಿದೆ. ಗಿಡಗಳನ್ನು ಬಣ್ಣ ನೋಡಿ ಅಲ್ಲ, ಬಾಯಾರಿಕೆ ನೋಡಿ ಗುಂಪು ಮಾಡಿದೆ. ತುಳಸಿ, ಮಲ್ಲಿಗೆ ನಲ್ಲಿಯ ಹತ್ತಿರ. ದೊಡ್ಡಪತ್ರೆ ಮಧ್ಯದಲ್ಲಿ. ಲೋಳೆಸರ, ಕಾಡುಬಸಳೆ, ಅಡೇನಿಯಂ ಬಿಸಿಲಿನ ತುದಿಗೆ. ಮೂಲೆಯ ದೊಡ್ಡ ಡ್ರಮ್ಮಿನಲ್ಲಿ ಒಂದು ದೇವಕಣಗಿಲೆ. ಅದರ ನೆರಳು ಉಳಿದವಕ್ಕೆ ಕೊಡೆ. ಕಂಬಿಗೆ ನೇತುಹಾಕಿದ ಬುಟ್ಟಿಯಲ್ಲಿ ಹತ್ತು ಗಂಟೆ ಹೂವು. ಇದು ಗೋಳಿಪಲ್ಲೆಯ ಸಂಬಂಧಿಯೇ. ಮಂಗರಬಳ್ಳಿಗೆ ಕಿಟಕಿಯ ಸರಳು. ಎಲ್ಲಕ್ಕೂ ತೂತಿರುವ ಮಣ್ಣಿನ ಕುಂಡ. ಒಂದು ಪಾಲು ಕೆಂಪುಮಣ್ಣಿಗೆ ಒಂದು ಪಾಲು ದಪ್ಪ ಮರಳು ಮತ್ತು ಇಟ್ಟಿಗೆ ಚೂರು, ಸ್ವಲ್ಪ ಹಳೆಯ ಗೊಬ್ಬರ. ಎರೆಮಣ್ಣು ನೀರು ಹಿಡಿದಿಡುತ್ತದೆ, ಅದು ಬೇಡ. ಬೆರಳನ್ನು ಮಣ್ಣಿಗಿಳಿಸಿ, ಒಳಗೂ ಒಣಗಿದ್ದರೆ ಮಾತ್ರ ನೀರು. ಮಳೆಗಾಲದಲ್ಲಿ ಕುಂಡಗಳನ್ನು ಸೂರಿನಡಿಗೆ ಎಳೆಯುತ್ತೇನೆ. ಮಕ್ಕಳಿರುವ ಮನೆಗೆ ಹಾಲುಗಳ್ಳಿ ಬೇಡ. ಹಾಲು ಕಣ್ಣಿಗೆ ಬಿದ್ದರೆ ಅಪಾಯ.

ಇದು ಬರೀ ಅಂದದ ಮಾತಲ್ಲ. ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ಬರುವ ದಿನ ಮನೆಮನೆಯ ಹೆಂಗಸರು ಬಕೆಟ್ ಲೆಕ್ಕ ಹಾಕುತ್ತೇವೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಸಾರಬೇಕಾಯಿತು. ಲಾಲ್‌ಬಾಗ್ ಇರುವ ಊರಿನಲ್ಲಿ ಈ ಮಾತು! ವಿಶ್ವೇಶ್ವರಯ್ಯನವರ ಕೆರೆಗಳಿರುವ ಈ ಊರಿಗೂ ಅದು ದೂರದ ಸುದ್ದಿಯಲ್ಲ.

ಬಾಗ್-ಎ-ಆಮ್ ಇರಲಿ, ಅದರ ಮರಗಳ ನೆರಳು ಎಲ್ಲರಿಗೂ ಬೇಕು. ಆದರೆ ಮನೆಗೊಂದು ಬಾಗ್ ಮಾಡಲು ನಮ್ಮಲ್ಲಿ ನೀರಿಲ್ಲ, ಮನೆಗೊಂದು ಅಂಗಳ ಮಾಡಬಹುದು. ಈಗ ನಮ್ಮ ತೋಟಕ್ಕೆ ಅಕ್ಕಿ, ತರಕಾರಿ ತೊಳೆದ ನೀರೇ ಸಾಕಾಗುತ್ತಿದೆ. ಬಾಗಿಲ ಮೇಲಿದ್ದ ಲೋಳೆಸರವನ್ನು ಅತ್ತೆಯವರ ಒಪ್ಪಿಗೆ ಪಡೆದು ಇಳಿಸಿ ಕುಂಡಕ್ಕೆ ನೆಟ್ಟೆ. ಇಷ್ಟು ದಿನ ತಲೆಕೆಳಗಾಗಿ ಮನೆ ಕಾಯ್ದದ್ದು ಸಾಕು ಎಂದರು ಅವರೂ. ಅದೀಗ ಏಳು ಮರಿ ಹಾಕಿದೆ. ವೇದಿಕೆಯ ಮುಂದಿನ ಸಭೆಗೆ ತರುತ್ತೇನೆ, ಬೇಕಾದವರು ಒಂದೊಂದು ಒಯ್ಯಿರಿ. ನಿಮ್ಮ ತವರಿನ ಅಂಗಳದ ಗಿಡದ ತುಂಡೇನಾದರೂ ಇದ್ದರೆ ನನಗೂ ತನ್ನಿ.