ಹಳೇಬೀಡಿನ ಕೆತ್ತನೆ ಮತ್ತು ಟಿವಿ ಪರದೆಯ ಚುಕ್ಕಿ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆ ಎಂಥ ಕ್ಯಾಮೆರಾವನ್ನೂ ಪರೀಕ್ಷೆಗೆ ಒಡ್ಡುತ್ತದೆ. 12ನೇ ಶತಮಾನದ ಈ ಗುಡಿಗೆ ಬಳಸಿದ ಬಳಪದ ಕಲ್ಲು ಅಗೆದು ತೆಗೆದಾಗ ಮೆದು. ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಅದರಿಂದಾಗಿಯೇ ಶಿಲ್ಪಿಯ ಉಳಿಗೆ ಹಾರದ ಒಂದೊಂದು ಮಣಿಯನ್ನೂ ಬಿಡಿಸಲು ಸಾಧ್ಯವಾಯಿತು. ಬುಡದಲ್ಲಿ ಆನೆಗಳ ಸಾಲು, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣ ಕಥೆ, ಮಕರ, ಹಂಸ ಹೀಗೆ ಅಡ್ಡಪಟ್ಟಿಗಳು ಗೋಡೆಯುದ್ದಕ್ಕೂ ಸಾಗುತ್ತವೆ. ಇಂಥ ನವಿರಾದ ವಿವರ ಮತ್ತು ಅಡ್ಡಗೆರೆಗಳೇ ಟಿವಿ ಚಿತ್ರಕ್ಕೆ ಅತಿ ಕಷ್ಟದವು.

ಈ ಗೋಡೆ ಮೊದಲು ಸೆರೆಯಾದದ್ದು ಛಾಯಾಚಿತ್ರದಲ್ಲಿ. ರಿಚರ್ಡ್ ಬ್ಯಾನರ್ ಓಕ್ಲಿ 1859ರಲ್ಲಿ ಲಂಡನ್ನಿನಲ್ಲಿ ಹೊರತಂದ ಪುಸ್ತಕದಲ್ಲಿ ಹಳೇಬೀಡಿನ 56 ಚಿತ್ರಗಳಿದ್ದವು. ಛಾಯಾಚಿತ್ರದ ಬೆಳ್ಳಿಯ ಕಣಗಳು ಗೊತ್ತಾದ ಸಾಲುಗಳಿಲ್ಲದೆ ಹರಡಿರುತ್ತವೆ. ವಿವರ ಮಸುಕಾಗಬಹುದೇ ಹೊರತು, ಕಲ್ಲಿನಲ್ಲಿಲ್ಲದ ಪಟ್ಟೆ ಅಲ್ಲಿ ಮೂಡುವುದಿಲ್ಲ.

ಟಿವಿಯಲ್ಲಿ ಹಾಗಲ್ಲ. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು. ಆಗ ಭಾರತದ ಟಿವಿ ಚಿತ್ರಕ್ಕೆ 625 ಗೆರೆಗಳಿದ್ದವು. ಅವುಗಳಲ್ಲಿ ಚಿತ್ರ ಹೊತ್ತವು 576. ಬೆಸ ಗೆರೆಗಳು ಒಮ್ಮೆ, ಸಮ ಗೆರೆಗಳು ಮತ್ತೊಮ್ಮೆ ಹೀಗೆ ಸೆಕೆಂಡಿಗೆ 50 ಸರದಿ. ಕೆತ್ತನೆಯ ಒಂದು ಅಂಚು ಒಂದೇ ಗೆರೆಯಷ್ಟು ತೆಳುವಾಗಿದ್ದರೆ ಅದು ಒಂದು ಸರದಿಯಲ್ಲಿ ಕಂಡು ಮುಂದಿನದರಲ್ಲಿ ಮಾಯವಾಗಿ, ಸೆಕೆಂಡಿಗೆ 25 ಸಲ ಮಿನುಗುತ್ತದೆ. ಆದರೆ ಹಳೆಯ ಗಾಜಿನ ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣದ ಚುಕ್ಕಿಯ ಅಂಚು ಮೃದುವಾಗಿದ್ದು, ಅಕ್ಕಪಕ್ಕದ ಗೆರೆಗಳನ್ನು ತುಸು ಬೆಸೆಯುತ್ತಿತ್ತು. ಟ್ಯೂಬೇ ಒಂದು ಫಿಲ್ಟರ್ ಆಗಿತ್ತು.

ಎಲ್‌ಸಿಡಿ ಮತ್ತು ಪ್ಲಾಸ್ಮಾ ಟಿವಿಗಳು ಈ ಮೃದುತನವನ್ನು ಕಳೆದವು. ಅವುಗಳ ಪಿಕ್ಸೆಲ್‌ಗಳು ಕಾರ್ಖಾನೆಯಲ್ಲೇ ನಿಗದಿಯಾದವು: 1366×768, 1920×1080, ಮುಂದೆ 3840×2160. 576 ಗೆರೆಗಳನ್ನು 768 ಸಾಲುಗಳಿಗೆ ಹಿಗ್ಗಿಸಿದರೆ ಪ್ರತಿ 3 ಗೆರೆ 4 ಆಗಬೇಕು. ಹತ್ತಿರದ ಗೆರೆಯನ್ನೇ ನಕಲು ಮಾಡಿದರೆ ಮೂರರಲ್ಲೊಂದು ಗೆರೆ ದಪ್ಪವಾಗಿ, ಆನೆಸಾಲಿನ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆದರೆ ಮೆಟ್ಟಿಲು ಹೋಗುತ್ತದೆ, ಜೊತೆಗೆ ಮಣಿಹಾರವೂ ಮಂಕಾಗುತ್ತದೆ. ರಾಬರ್ಟ್ ಕೀಸ್ 1981ರಲ್ಲೇ ವಿವರಿಸಿದ ಘನ ಸಮೀಕರಣದ ವಿಧಾನವೂ ಹಂಗೇರಿಯ ಗಣಿತಜ್ಞ ಕಾರ್ನೇಲಿಯಸ್ ಲಾಂಟ್ಸೋಶ್ ಹೆಸರಿನ ಫಿಲ್ಟರೂ ಇನ್ನಷ್ಟು ದೂರದ ಪಿಕ್ಸೆಲ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ಅಂಚನ್ನು ಚುರುಕಾಗಿಡುತ್ತವೆ. ಆದರೆ ಗಾಢ ನೆರಳಿನ ಪಕ್ಕದಲ್ಲಿ ಕಲ್ಲಿನಲ್ಲಿಲ್ಲದ ಬಿಳಿ ಅಂಚೊಂದು ಕಾಣಿಸಿಕೊಳ್ಳಬಹುದು.

ಚಿತ್ರವನ್ನು ಕುಗ್ಗಿಸುವಾಗ ತೊಂದರೆ ಬೇರೆ. ಒಂದು ಮಣಿ ಮತ್ತು ಅದರ ಪಕ್ಕದ ಸಂದು ಬೇರೆಬೇರೆಯಾಗಿ ಕಾಣಲು ಕನಿಷ್ಠ ಎರಡು ಪಿಕ್ಸೆಲ್ ಬೇಕು. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ 960ಕ್ಕಿಂತ ಹೆಚ್ಚು ಮಣಿಗಳ ಸಾಲನ್ನು ಬಿಡಿಸಿ ತೋರಿಸಲಾಗದು. ಅದಕ್ಕೂ ಸಣ್ಣ ವಿವರವನ್ನು ಮೊದಲೇ ಸೋಸಿ ತೆಗೆಯದಿದ್ದರೆ ಗುಡಿಯ ಜಾಲಂಧ್ರಗಳ ಮೇಲೆ ಅಲೆಅಲೆಯಾದ ಸುಳ್ಳು ಪಟ್ಟೆಗಳು ಹರಿದಾಡುತ್ತವೆ. ಕ್ಯಾಮೆರಾ ಚಲಿಸಿದಂತೆ ಅವೂ ತೆವಳುತ್ತವೆ.

ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಹೊತ್ತಿಗೆ ಹೊಸ ಟಿವಿಗಳು ಸಾವಿರಾರು ಚಿತ್ರಗಳಿಂದ ಕಲಿತ ಲೆಕ್ಕಾಚಾರದಿಂದ ಹಳೆಯ ದೃಶ್ಯಕ್ಕೆ ಹೊಸ ವಿವರ ತುಂಬತೊಡಗಿದ್ದವು. ಆ ವಿವರ ಯಂತ್ರದ ಊಹೆ. ಹೊಯ್ಸಳ ಶಿಲ್ಪಿಯ ಉಳಿಯ ಗುರುತಲ್ಲ. 576 ಗೆರೆಗಳಲ್ಲಿ ದಾಖಲಾಗದ ಮಣಿಯನ್ನು ಯಾವ ಫಿಲ್ಟರೂ ಮರಳಿ ತರಲಾರದು. ಆದ್ದರಿಂದ ಹಳೆಯ ಚಿತ್ರೀಕರಣಗಳನ್ನು ಅವುಗಳ ಮೂಲ ಗೆರೆಗಳಲ್ಲೇ ಕಾಪಾಡಿ, ಹಿಗ್ಗಿಸುವ ಕೆಲಸವನ್ನು ಆಯಾ ಕಾಲದ ಪರದೆಗೆ ಬಿಡುವುದು ಸರಿಯಾದ ಕ್ರಮ.