ದ್ವಾರಬಂಧವೂ ಭಿತ್ತಿಯ ದಪ್ಪವೂ

ಹಳೆಯ ಮನೆಯ ಜೀರ್ಣೋದ್ಧಾರದಲ್ಲಿ ಗೋಡೆಯನ್ನು ದಪ್ಪಮಾಡಿದಾಗ ಬಾಗಿಲುವಾಡವನ್ನು ಏನು ಮಾಡಬೇಕೆಂಬುದು ಮೇಲುನೋಟಕ್ಕೆ ಬಡಗಿಯ ಪ್ರಶ್ನೆಯೆಂದು ತೋರುವುದು. ಆದರೆ ಅದರ ಮೂಲದಲ್ಲಿ ಶಾಸ್ತ್ರದ ಪ್ರಶ್ನೆಯೊಂದು ಅಡಗಿದೆ. ದ್ವಾರಬಂಧದ ಪ್ರಮಾಣವು ಗೋಡೆಯನ್ನು ಅನುಸರಿಸತಕ್ಕದ್ದೋ, ಬಾಗಿಲನ್ನು ಅನುಸರಿಸತಕ್ಕದ್ದೋ? ಮೊದಲನೆಯದಾದರೆ, ಗೋಡೆ ಬೆಳೆದೊಡನೆ ಹಳೆಯ ಚೌಕಟ್ಟು ನಿರುಪಯುಕ್ತವಾಗುವುದು. ಎರಡನೆಯದಾದರೆ, ಅದು ಇದ್ದಂತೆಯೇ ಉಳಿಯಬಲ್ಲುದು.

ಕನ್ನಡದ ‘ದಾರವಂದ’, ‘ದಾರಂದ’ ಎಂಬ ರೂಪಗಳು ದ್ವಾರಬಂಧ ಶಬ್ದದ ತದ್ಭವಗಳು. ಚೌಕಟ್ಟಿನ ಕೆಳಗಣ ಮರಕ್ಕೆ ಶಿಲಾ ಎಂದೂ ಮೇಲಣ ಮರಕ್ಕೆ ನಾಸಾ ಎಂದೂ ಅಮರಸಿಂಹನು ಹೆಸರು ಹೇಳಿರುವನು. ವರಾಹಮಿಹಿರನು ಇವೆರಡನ್ನೂ ಉದುಂಬರವೆಂದೂ, ಪಕ್ಕದ ನಿಲುವುಗಳನ್ನು ಶಾಖೆಗಳೆಂದೂ ಕರೆಯುವನು. ಹೆಸರುಗಳಿಂದ ನಿರ್ಣಯವಾಗದು, ಪ್ರಮಾಣಗಳನ್ನೇ ನೋಡಬೇಕು.

ಕ್ರಿ. ಶ. ೬ನೆಯ ಶತಮಾನದ ಬೃಹತ್ಸಂಹಿತೆಯಲ್ಲಿ ಇದಕ್ಕೆ ಸಂಬಂಧಿಸಿದ ಅಧ್ಯಾಯಗಳು ಎರಡು. ವಾಸ್ತುವಿದ್ಯಾಧ್ಯಾಯದ ಪ್ರಕಾರ ಸುಟ್ಟ ಇಟ್ಟಿಗೆಯ ಮನೆಯ ಗೋಡೆಯು ಮನೆಯ ಅಗಲದ ೧೬ನೆಯ ಒಂದು ಭಾಗವಿರಬೇಕು. ಮರದ ಮನೆಗೆ ಈ ನಿಯಮವಿಲ್ಲ. ಶಾಖೆಗಳ ಬಾಹುಲ್ಯವಾದರೋ, ಬಾಗಿಲಿನ ಎತ್ತರವು ಎಷ್ಟು ಹಸ್ತವೋ ಅಷ್ಟು ಅಂಗುಲ; ಉದುಂಬರಗಳಿಗೆ ಅದರ ಒಂದೂವರೆಯಷ್ಟು. ೧೬ ಹಸ್ತ ಅಗಲದ ಮನೆಯನ್ನು ತೆಗೆದುಕೊಂಡರೆ ಗೋಡೆಯು ೧ ಹಸ್ತ, ಎಂದರೆ ೨೪ ಅಂಗುಲ. ೪ ಹಸ್ತ ಎತ್ತರದ ಬಾಗಿಲಿಗೆ ಶಾಖೆಯ ದಪ್ಪ ೪ ಅಂಗುಲ, ಉದುಂಬರದ ದಪ್ಪ ೬ ಅಂಗುಲ.

ಪ್ರಾಸಾದಲಕ್ಷಣಾಧ್ಯಾಯದಲ್ಲಿ ಗರ್ಭಗೃಹವು ದೇವಾಲಯದ ಅಗಲದ ಅರ್ಧ. ಬಾಗಿಲಿನ ಅಗಲ ಗರ್ಭದ ಕಾಲುಭಾಗ, ಎತ್ತರ ಅದರ ಇಮ್ಮಡಿ. ಶಾಖೆಯ ವಿಸ್ತಾರವು ಎತ್ತರದ ಕಾಲುಭಾಗ. ಬಾಹುಲ್ಯವು ಆ ವಿಸ್ತಾರದ ಕಾಲುಭಾಗ. ವಿಸ್ತಾರವನ್ನು ಬೇರೆಯಾಗಿ ಹೇಳಿರುವುದರಿಂದ, ಬಾಹುಲ್ಯವೆಂದರೆ ಗೋಡೆಯೊಳಕ್ಕೆ ಹೋಗುವ ದಪ್ಪವೆಂದೇ ತಿಳಿಯತಕ್ಕದ್ದು. ದೇವಾಲಯವೂ ೧೬ ಹಸ್ತ ಅಗಲವಿದ್ದರೆ, ಗರ್ಭವು ೮ ಹಸ್ತ. ಎರಡು ಪಾರ್ಶ್ವಗಳಲ್ಲಿಯೂ ಭಿತ್ತಿಗೆ ಉಳಿಯುವುದು ನಾಲ್ಕು ನಾಲ್ಕು ಹಸ್ತ, ಎಂದರೆ ೯೬ ಅಂಗುಲ. ಬಾಗಿಲಿನ ಎತ್ತರ ಇಲ್ಲಿಯೂ ೪ ಹಸ್ತವೇ. ಶಾಖೆಯ ದಪ್ಪ ೬ ಅಂಗುಲ. ಭಿತ್ತಿಯು ನಾಲ್ಕುಮಡಿಯಾದರೂ ಶಾಖೆಯ ದಪ್ಪವು ಒಂದೂವರೆಯಷ್ಟು ಮಾತ್ರ ಹೆಚ್ಚಿತು. ಆ ಹೆಚ್ಚಳವೂ ಭಿತ್ತಿಯ ಲೆಕ್ಕದಿಂದ ಬಂದುದಲ್ಲ.

ಮೂರು, ಐದು, ಏಳು, ಒಂಬತ್ತು ಶಾಖೆಗಳ ದ್ವಾರವು ಪ್ರಶಸ್ತವೆಂದು ಅಲ್ಲಿಯೇ ಹೇಳಿರುವುದರಿಂದ, ದಪ್ಪಗೋಡೆಯನ್ನು ತುಂಬಲು ಶಾಖೆಗಳನ್ನು ಹೆಚ್ಚಿಸುತ್ತಿದ್ದರೆಂದು ಆಕ್ಷೇಪಿಸಬಹುದು. ಅದು ಸಲ್ಲದು. ಪ್ರತಿಯೊಂದು ಶಾಖೆಯೂ ೨೪ ಅಂಗುಲ ಅಗಲವೆಂದೆಣಿಸಿದರೆ ಒಂಬತ್ತಕ್ಕೆ ಒಂದು ಪಕ್ಕದಲ್ಲಿಯೇ ೨೧೬ ಅಂಗುಲ ಬೇಕು. ಗರ್ಭಗೃಹದ ಅಗಲವೇ ೧೯೨ ಅಂಗುಲವಷ್ಟೆ. ಆದುದರಿಂದ ಆ ಸಂಖ್ಯೆಗಳು ಒಟ್ಟು ವಿಸ್ತಾರದೊಳಗಣ ವಿಭಾಗಗಳು. ಲಕ್ಕುಂಡಿಯ ಕಾಶೀವಿಶ್ವೇಶ್ವರ ದೇವಾಲಯದಲ್ಲಿಯೂ ೧೧೧೨ರ ಇಟಗಿಯ ಮಹಾದೇವ ದೇವಾಲಯದಲ್ಲಿಯೂ ಶಾಖೆಗಳು ಮುಖದ ಶೋಭೆಗಾಗಿ ಸಾಲಾಗಿ ನಿಂತಿರುವುವು.

ಹೀಗೆ ಚೌಕಟ್ಟಿನ ಹಿಂದೆ ಗೋಡೆಯ ಬಹುಭಾಗವು ಬರಿದಾಗಿ ಉಳಿಯುವುದು ದೋಷವಲ್ಲ. ಅದು ನಿಯಮದಿಂದಲೇ ಒದಗಿದ ಸ್ಥಿತಿ. ಆ ಅವಕಾಶಕ್ಕೆ ಉಪಯೋಗವೂ ಉಂಟು. ಹಳೆಯ ಕದಗಳು ಮೇಲೆ ಕೆಳಗೆ ಕುಳಿಗಳಲ್ಲಿ ನಿಂತ ಮರದ ಗೂಟಗಳ ಮೇಲೆ ಚೌಕಟ್ಟಿನ ಹಿಂದೆ ತಿರುಗುವುವು. ಮೇಲಿನ ಮನೆಯ ಬಾಗಿಲು ೪೮ ಅಂಗುಲ ಅಗಲವಾಗಿ ಜೋಡಿಕದದ್ದಾದರೆ ಒಂದೊಂದು ಕದ ೨೪ ಅಂಗುಲ. ಹೊರಮುಖಕ್ಕೆ ಕೂಡಿಸಿದ ಚೌಕಟ್ಟಿನ ಹಿಂದೆ ಉಳಿದುದು ೨೦ ಅಂಗುಲ. ತೆರೆದ ಕದವು ೪ ಅಂಗುಲ ಕೋಣೆಯೊಳಕ್ಕೆ ಚಾಚುವುದು. ಗೋಡೆಗೆ ಒಳಗಡೆ ೬ ಅಂಗುಲ ಸೇರಿಸಿದರೆ ಕದವು ಪೂರ್ತಿಯಾಗಿ ಗೋಡೆಯ ದಪ್ಪದಲ್ಲಿ ಅಡಗುವುದು. ಆದರೆ ಹೊಸ ಗೋಡೆಯ ಪಾರ್ಶ್ವವು ಕದದ ದಪ್ಪದಷ್ಟಾದರೂ ಹಿಂದೆ ಸರಿದಿರಬೇಕು. ಇಲ್ಲವಾದರೆ ಕದ ತಿರುಗದು. ಮೇಲಣ ಉದುಂಬರವು ತನ್ನ ದಪ್ಪದಷ್ಟನ್ನೇ ಹೊರುವುದರಿಂದ, ಸೇರಿಸಿದ ಗೋಡೆಗೆ ಬೇರೆ ತೊಲೆಯನ್ನು ಎರಡು ಕಡೆಯೂ ಊರಿಸಿ ಹಾಕತಕ್ಕದ್ದು. ಹೊರಗಡೆ ದಪ್ಪಮಾಡಿದರೆ ಚೌಕಟ್ಟು ಗೂಡಿನೊಳಗೆ ಸೇರಿದಂತಾಗಿ ಹೊಸ್ತಿಲ ಮುಂದೆ ಮಳೆಯ ನೀರು ನಿಲ್ಲುವುದು. ಅಲ್ಲಿ ನೆಲಕ್ಕೆ ಹೊರವಾಟ ಅವಶ್ಯ.

ಈ ಕ್ರಮವು ಪೂರ್ಣವಾಗಿ ವಿಕಸಿಸಿರುವುದನ್ನು ನೇಪಾಳದ ಕಣಿವೆಯ ನೇವಾರರ ಕಟ್ಟಡಗಳಲ್ಲಿ ಕಾಣಬಹುದು. ಅಲ್ಲಿಯ ದಪ್ಪಗೋಡೆಗಳಿಗೆ ಹೊರಮುಖದಲ್ಲಿ ಸುಟ್ಟ ಇಟ್ಟಿಗೆ, ಒಳಗಡೆ ಹಸಿ ಇಟ್ಟಿಗೆ. ಹೊರಗೆ ಕೆತ್ತನೆಯ ಚೌಕಟ್ಟು, ಒಳಗೆ ಸಾದಾ ಚೌಕಟ್ಟು. ಇವೆರಡನ್ನೂ ಅಡ್ಡಮರಗಳು ಬಂಧಿಸುವುವು. ಹೊಸ್ತಿಲು ಮತ್ತು ಮೇಲ್ಮರಗಳ ತುದಿಗಳು ಕಿವಿಗಳಂತೆ ನಿಲುವುಗಳನ್ನು ಮೀರಿ ಗೋಡೆಯೊಳಗೆ ಹಿಡಿದುಕೊಂಡಿರುವುವು. ಇಂತಹ ರಚನೆಯಲ್ಲಿ ದಪ್ಪದ ವ್ಯತ್ಯಾಸವನ್ನು ಅಡ್ಡಮರಗಳೇ ವಹಿಸಬಲ್ಲುವು, ಕೆತ್ತನೆಯನ್ನು ಮುಟ್ಟಬೇಕಾಗಿಲ್ಲ. ೨೦೧೫ರ ಭೂಕಂಪದಲ್ಲಿ ಪಾಟನ್ನಿನ ಅರಮನೆಯ ಚೌಕದ ದೇವಾಲಯಗಳು ಕುಸಿದಾಗ, ಕೆತ್ತನೆಯ ಹಳೆಯ ಮರಗಳನ್ನು ಅವಶೇಷಗಳಿಂದ ಆಯ್ದು ಪುನರ್ನಿರ್ಮಾಣದಲ್ಲಿ ಬಳಸಿದರು.

ಇದರಿಂದ ಸಿದ್ಧವಾಗುವುದಿಷ್ಟು: ಭಿತ್ತಿಯು ಮನೆಯ ಅಗಲಕ್ಕೆ ಅಧೀನ, ದ್ವಾರಬಂಧವು ಬಾಗಿಲಿನ ಎತ್ತರಕ್ಕೆ ಅಧೀನ. ಗೋಡೆಯು ದಪ್ಪವಾಯಿತೆಂಬ ಕಾರಣದಿಂದ ಹಳೆಯ ಬಾಗಿಲುವಾಡವನ್ನು ಸೀಳುವುದಕ್ಕಾಗಲಿ ತ್ಯಜಿಸುವುದಕ್ಕಾಗಲಿ ಶಾಸ್ತ್ರದ ಆಧಾರವು ಬೃಹತ್ಸಂಹಿತೆಯ ಈ ಪ್ರಮಾಣಗಳಲ್ಲಿ ದೊರೆಯುವುದಿಲ್ಲ. ಮನೆಯನ್ನು ಮೊದಲು ಕಟ್ಟಿದವನ ಅಳತೆಯು ಗೋಡೆಯಲ್ಲಿ ಅಳಿಸಿಹೋದ ಮೇಲೆಯೂ ದ್ವಾರಬಂಧದಲ್ಲಿ ಉಳಿದಿರುವುದು. ಅದನ್ನು ಕತ್ತರಿಸಿದರೆ ಆ ಸಾಕ್ಷ್ಯವೂ ಹೋಗುವುದು.