ಕುಪ್ಪುಸ್ವಾಮಿಯವರ ಮಾಪಕ ಮತ್ತು ಜಾತಿ

ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸಿ, ಸಾಮಾಜಿಕ ಮನಶ್ಶಾಸ್ತ್ರದ ಪಠ್ಯಗ್ರಂಥವನ್ನೂ ರಚಿಸಿದ ಬಿ. ಕುಪ್ಪುಸ್ವಾಮಿಯವರ ಹೆಸರು ಇಂದು ಹೆಚ್ಚಾಗಿ ಕಾಣುವುದು ವೈದ್ಯಕೀಯ ಸಂಶೋಧನೆಗಳಲ್ಲಿ. 1976ರ ಅವರ ಮಾಪಕವು ಕುಟುಂಬದ ಯಜಮಾನನ ವಿದ್ಯೆ, ಉದ್ಯೋಗ ಹಾಗೂ ಕುಟುಂಬದ ಮಾಸಿಕ ಆದಾಯಗಳಿಗೆ ಒಟ್ಟು 3ರಿಂದ 29ರವರೆಗೆ ಅಂಕವಿತ್ತು, ಐದು ವರ್ಗಗಳನ್ನು ಗುರುತಿಸುತ್ತದೆ. ಬೆಲೆ ಏರಿದಂತೆ ಆದಾಯದ ಅಂಕಣವನ್ನು ವಿದ್ವಾಂಸರು ತಿದ್ದುತ್ತಲೇ ಬಂದಿದ್ದಾರೆ. ಜಾತಿಗೆ ಮಾತ್ರ ಅಲ್ಲಿ ಅಂಕಣವೇ ಇಲ್ಲ. ಸಾಮಾಜಿಕ ಪರಿವರ್ತನೆಯನ್ನು ಕುರಿತ ಗ್ರಂಥದಲ್ಲಿ ಜಾತಿಯನ್ನು ಚರ್ಚಿಸಿದವರೂ ಅವರೇ! ಹುಟ್ಟಿನಿಂದ ಮನುಷ್ಯನನ್ನು ಅಳೆಯದಿರುವುದು ಘನವಾದುದೆಂದೇ ನಾವು ಎಣಿಸುತ್ತೇವೆ. ಆದರೆ ಪದವಿ, ಸಂಬಳಗಳು ದೊರೆತ ಮೇಲೂ ದಲಿತ ಕ್ರೈಸ್ತನು ಸಹಿಸುವ ಅವಮಾನವು ಈ ಲೆಕ್ಕಕ್ಕೆ ಬಾರದೆಂಬುದು ನಮ್ಮ ತಕರಾರು. ನಗರಕ್ಕೆಂದು ರಚಿತವಾದ ಇದನ್ನು ಸಭಾಪಾಲಕರು ಕುಮಟಾ ತಾಲೂಕಿನ ಹಿರೇಗುತ್ತಿಯಂಥ ಹಳ್ಳಿಗೆ ಒಯ್ದರೆ ಇನ್ನೊಂದು ತೊಡಕು: ಗದ್ದೆಯಲ್ಲಿ ದುಡಿಯುವ ತಾಯಿಯ ಶ್ರಮವು ಯಜಮಾನನ ಉದ್ಯೋಗದ ಹಿಂದೆ ಮರೆಯಾಗುತ್ತದೆ.